ನಮ್ಮ ಮನೆಗೇ ಒಂದು ಟಾರ್ಟನ್ ಮಾಡಿಸಬೇಕು, ಎಳೆ ಲೆಕ್ಕ ಗೊತ್ತಿರುವವರು ಹೇಳಿ

ಕೇಳಿದವರು: ಹುಣಸೆಮರದ ಮನೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಎಡಿನ್‌ಬರಾದಲ್ಲಿ ಕೆಲಸದಲ್ಲಿದ್ದಾಳೆ. ಹೋದ ದೀಪಾವಳಿಗೆ ಬಂದಾಗ ಅಪ್ಪನಿಗೆ ಒಂದು ಉಣ್ಣೆ ಶಾಲು ತಂದಿದ್ದಳು. ಟಾರ್ಟನ್. ಸ್ಕಾಟ್ಲೆಂಡಿನವರು ಕಿಲ್ಟ್ ಉಡುತ್ತಾರಲ್ಲ, ಆ ಚೌಕಳಿ ಬಟ್ಟೆ. ಅಪ್ಪ ಬಿಡಿಸಿದರು, ತಿರುಗಿಸಿ ನೋಡಿದರು. "ಲುಂಗಿ ಚೆನ್ನಾಗಿದೆ, ಸ್ವಲ್ಪ ದಪ್ಪ ಆಯ್ತು" ಅಂದರು. ತಂಗಿಗೆ ಕೋಪ ಬಂತು. ಅಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಚೌಕಳಿ ಇರುತ್ತೆ ಅಪ್ಪಾ, ಬೇಕಾದರೆ ನಾವೂ ನಮ್ಮದೇ ಒಂದು ಮಾಡಿಸಿ ನೋಂದಾಯಿಸಬಹುದು ಅಂದಳು. ಅಷ್ಟು ಹೇಳಿ ಅವಳು ವಿಮಾನ ಹತ್ತಿದಳು, ಹುಳ ನನ್ನ ತಲೆಗೆ ಹೊಕ್ಕಿತು.

ಬರುವ ಜನವರಿಗೆ ಅಪ್ಪನಿಗೆ 70 ತುಂಬುತ್ತೆ. ಭೀಮರಥ ಶಾಂತಿ ದಿನ ಮನೆಯ 11 ಜನಕ್ಕೂ ಒಂದೇ ಚೌಕಳಿಯ ಶಾಲು ಹೊದಿಸಬೇಕು ಅಂತ ಆಸೆ.

ಬಣ್ಣ ಆರು ಆರಿಸಿದ್ದೇನೆ. ಕಾಕಿ, ಅಪ್ಪ ಬಿಟಿಎಸ್ ಕಂಡಕ್ಟರ್ ಆಗಿದ್ದರು (1997ರಲ್ಲಿ ಬಿಎಂಟಿಸಿ ಆಯ್ತು, ಅವರ ಬಾಯಲ್ಲಿ ಇವತ್ತಿಗೂ ಬಿಟಿಎಸ್ಸೇ). ಕನಕಾಂಬರ, ಅಮ್ಮ ಹನುಮಂತನಗರದಲ್ಲಿ ದೇವಸ್ಥಾನದ ಮುಂದೆ ಕೂತು ಹೂ ಕಟ್ಟಿ ಮಾರಿ ನಮ್ಮನ್ನು ಓದಿಸಿದರು. ಅಜ್ಜಿ ಸೀರೆಯ ಕಡುನೀಲಿ. ಊರಿನ ಮನೆ ಮುಂದಿದ್ದ ಹುಣಸೆ ಎಲೆಯ ಹಸಿರು. ಜೊತೆಗೆ ರಾಗಿ ಬಣ್ಣ, ಅರಿಶಿನ. ಎಳೆ ಎಷ್ಟೆಷ್ಟು ಅನ್ನೋದಕ್ಕೂ ಮನೆಯ ಲೆಕ್ಕವನ್ನೇ ತಗೊಂಡೆ. ಅಪ್ಪ ಜಾಸ್ತಿ ವರ್ಷ ಓಡಾಡಿದ ರೂಟ್ 13, ಮನೆ ನಂಬರ್ 37, ಅಮ್ಮ ಮದುವೆಯಾಗಿ ಬಂದಾಗ 19 ವರ್ಷ, ನಾವು ಮಕ್ಕಳು 3. ಎಕ್ಸೆಲ್‌ನಲ್ಲಿ ಬಣ್ಣ ತುಂಬಿ ನೋಡಿದರೆ ಭರ್ಜರಿಯಾಗಿ ಕಾಣುತ್ತೆ.

ಆಗಲೇ ಒಂದು ಪೆಟ್ಟು ತಿಂದಿದ್ದೇನೆ. ಪೇಟೆಯಲ್ಲಿ ಒಬ್ಬರು "ನೇಯಿಸಿ ಕೊಡ್ತೀವಿ ಸರ್" ಅಂತ ಅಡ್ವಾನ್ಸ್ ತಗೊಂಡರು. ಮೂರು ವಾರ ಬಿಟ್ಟು ಎರಡು ಮೀಟರ್ ಕೊಟ್ಟರು. ಮನೆಗೆ ತಂದು ತಿರುಗಿಸಿದರೆ ಹಿಂದೆಲ್ಲ ಬೆಳ್ಳಗೆ. ಪ್ರಿಂಟ್! ಒಂದೇ ಒಗೆತಕ್ಕೆ ಕನಕಾಂಬರ ಹೋಗಿ ಕಾಕಿ ಮೇಲೆ ಕೂತಿತು.

ನನ್ನ ಲೆಕ್ಕ ಸರಿ ಇದೆಯಾ? ಇಲ್ಲಿ ಯಾರು ನೇಯ್ದು ಕೊಡುತ್ತಾರೆ? ಇನ್ನೊಂದು, ನಮಗೆ ಸರ್‌ನೇಮ್ ಅಂತ ಇಲ್ಲ, ಬರೀ ಇನಿಷಿಯಲ್. ಯಾವ ಹೆಸರಲ್ಲಿ ನೋಂದಾಯಿಸೋದು?

ಉತ್ತರ: ಲಾಳಿಮನೆ, ದೊಡ್ಡಬಳ್ಳಾಪುರ

ಸರ್, ಎಕ್ಸೆಲ್‌ಗೆ ಲಾಳಿ ಇಲ್ಲ, ಅದಕ್ಕೇ ಅದು ನಿಮಗೆ ಎದುರು ಮಾತಾಡಿಲ್ಲ.

ನೀವು ಕೊಟ್ಟಿರೋದೆಲ್ಲ ಬೆಸ ಸಂಖ್ಯೆ. ಟಾರ್ಟನ್‌ನಲ್ಲಿ ಹಾಸಿನಲ್ಲಿ (ಉದ್ದದ ಎಳೆ) ಯಾವ ಬಣ್ಣ ಎಷ್ಟು ಎಳೆಯೋ ಹೊಕ್ಕಿನಲ್ಲೂ (ಅಡ್ಡದ ಎಳೆ) ಅದೇ ಬಣ್ಣ ಅಷ್ಟೇ ಎಳೆ. ಹೊಕ್ಕು ಹಾಕುವಾಗ ನೂಲು ಹೊತ್ತ ಲಾಳಿ ಒಂದು ಸಲ ಹೋದರೆ ಆ ಕಡೆ ಇರುತ್ತೆ, ಇನ್ನೊಂದು ಸಲಕ್ಕೆ ವಾಪಸ್ ಬರುತ್ತೆ. 13 ಸಲ ಓಡಿಸಿದರೆ ಆ ಕಡೆಯೇ ಉಳಿಯಿತು. ಬಣ್ಣ ಬದಲಾಯಿಸೋ ಪೆಟ್ಟಿಗೆ ಇರೋದು ಈ ಕಡೆ. ನೇಯುವವನು ಎದ್ದು ಹೋಗಿ ತರಬೇಕಾ? ಅದಕ್ಕೆ ಎಲ್ಲವೂ ಸರಿ ಸಂಖ್ಯೆ ಇರಲಿ. 13ಕ್ಕೆ 12 ಇಡಿ. ನಿಮ್ಮ ತಂದೆಯವರು ಒಂದು ಟ್ರಿಪ್ ರಜಾ ಹಾಕಿದರು ಅಂದುಕೊಳ್ಳಿ.

ಇನ್ನು ಪವರ್‌ಲೂಮ್ ವಿಷಯ. ಡ್ರಾಪ್ ಬಾಕ್ಸ್, ಅಂದರೆ ಆ ಬಣ್ಣ ಬದಲಾಯಿಸೋ ಪೆಟ್ಟಿಗೆ, ಇಲ್ಲದ ಮಗ್ಗದಲ್ಲಿ ಹೊಕ್ಕಿಗೆ ಒಂದೇ ಬಣ್ಣ. ಅಲ್ಲಿ ನಿಮಗೆ ಪಟ್ಟೆ ಬರುತ್ತೆ, ಚೌಕಳಿ ಬರಲ್ಲ. ಡ್ರಾಪ್ ಬಾಕ್ಸ್ ಇದ್ದವರೂ 25 ಮೀಟರ್‌ಗೆಲ್ಲ ಮಗ್ಗ ಕಟ್ಟಲ್ಲ. ನಿಮಗೆ ಕೈಮಗ್ಗವೇ ಸರಿ. ಟಾರ್ಟನ್ ಬಟ್ಟೆಯನ್ನು ಹತ್ತಿರದಿಂದ ನೋಡಿ, ಮೈಮೇಲೆಲ್ಲ ಸಣ್ಣ ಓರೆಗೆರೆ ಇರುತ್ತೆ. ಜೀನ್ಸ್ ಬಟ್ಟೆಯಲ್ಲೂ ಓರೆಗೆರೆ ನೋಡಿರುತ್ತೀರಿ. ಇದು ಎರಡು ಎಳೆ ಮೇಲೆ, ಎರಡು ಎಳೆ ಕೆಳಗೆ ಹೋಗುವ ಟ್ವಿಲ್ ನೇಯ್ಗೆ. ಅದಕ್ಕೆ ಕಾಲಲ್ಲಿ ತುಳಿಯುವ ಹಲಗೆ ನಾಲ್ಕು ಬೇಕು. ಸೀರೆಯ ಸಾದಾ ನೇಯ್ಗೆಗೆ ಎರಡೇ ಸಾಕು, ಹಾಗಾಗಿ ಎಲ್ಲರ ಹತ್ತಿರ ಇರಲ್ಲ. ನಮ್ಮ ಮಾವನ ಹತ್ತಿರ ಒಂದಿದೆ. ಧೂಳು ಹಿಡಿದಿದೆ, ಕೆಲಸ ಮಾಡುತ್ತೆ.

ಉತ್ತರ: ಜಯನಗರದ ಹೊಲಿಗೆ

ತಮ್ಮಾ, ಆರು ಬಣ್ಣ ಬೇಡ. ನಾನು 30 ವರ್ಷದಿಂದ ಬಟ್ಟೆ ಮುಟ್ಟುತ್ತಿದ್ದೇನೆ, ಆ ಅನುಭವದಲ್ಲಿ ಹೇಳ್ತೀನಿ. ಕಾಕಿ ಹಾಸಿನ ಮೇಲೆ ಕನಕಾಂಬರ ಹೊಕ್ಕು ಬಿದ್ದರೆ ಅಲ್ಲಿ ಕಾಕಿಯೂ ಕಾಣಲ್ಲ, ಕನಕಾಂಬರವೂ ಕಾಣಲ್ಲ. ದೂರದಿಂದ ಮೂರನೆಯದೇ ಒಂದು ಬಣ್ಣ. ಹೀಗೆ ನಾಲ್ಕು ಬಣ್ಣ ಹಾಕಿದರೆ ಬಟ್ಟೆಯಲ್ಲಿ 10 ಬಣ್ಣ ಕಾಣುತ್ತೆ. ಆರು ಹಾಕಿದರೆ 21. ಅಷ್ಟೂ ಸೇರಿ ಕೊನೆಗೆ ಬಿಸಿಬೇಳೆಬಾತ್ ಬಣ್ಣ. ರಾಗಿ ತೆಗಿ, ಹೇಗಿದ್ದರೂ ಕಾಕಿ ಪಕ್ಕದಲ್ಲಿ ಅದು ಕೊಳೆ ಥರ ಕಾಣುತ್ತೆ.

ಕಂಪ್ಯೂಟರ್ ಮುಚ್ಚಿಡು. ರಾಜಾ ಮಾರ್ಕೆಟ್‌ಗೆ ಹೋಗಿ ಕಸೂತಿ ದಾರದ ಲಡಿ ತಗೋ, ಪ್ರತಿ ಬಣ್ಣಕ್ಕೂ ಒಂದು. ಮನೆಯಲ್ಲಿ ಹಳೆಯ ಲಗ್ನಪತ್ರಿಕೆ ಇರುತ್ತಲ್ಲ, ಗಟ್ಟಿ ರಟ್ಟಿನದು. ಅದಕ್ಕೆ ನಿನ್ನ ಲೆಕ್ಕದಂತೆ ದಾರ ಸುತ್ತು. ಎಳೆ ಪಕ್ಕ ಎಳೆ, ಮೇಲೆ ಹತ್ತದ ಹಾಗೆ. ಸುತ್ತಿದ್ದನ್ನು ಕಿಟಕಿ ಹತ್ತಿರ ಇಟ್ಟು ಹತ್ತು ಅಡಿ ದೂರ ನಿಂತು ನೋಡು, ಆಮೇಲೆ ಟ್ಯೂಬ್‌ಲೈಟ್ ಕೆಳಗೆ ನೋಡು. ಯಾವ ಬಣ್ಣ ಜಗಳ ಆಡುತ್ತೆ ಅಂತ ತಾನೇ ಗೊತ್ತಾಗುತ್ತೆ. ನನ್ನ ಪ್ರಕಾರ ಹೊಡೆಯೋ ಬಣ್ಣ ಯಾವಾಗಲೂ ತೆಳು ಗೆರೆಯಾಗಿರಬೇಕು. ಒಗ್ಗರಣೆಗೆ ಸಾಸಿವೆ ಎಷ್ಟೋ ಅಷ್ಟು.

ಆಮೇಲೆ ನೂಲು ಕೊಳ್ಳುವಾಗ ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿಯೇ ದುಡ್ಡು ಕೊಡು.

ಉತ್ತರ: ಗ್ಲಾಸ್ಗೋ ರಿಟರ್ನ್

ನಿಮ್ಮ ತಂಗಿ ಹೇಳಿದ್ದು ಅರ್ಧ ಸರಿ. ಟಾರ್ಟನ್ ಬಟ್ಟೆ ಹಳೆಯದು, ಮನೆತನಕ್ಕೊಂದು ಅನ್ನೋದು ಅಷ್ಟು ಹಳೆಯದಲ್ಲ. 1746ರ ಕಾನೂನಿನಲ್ಲಿ ಗುಡ್ಡಗಾಡಿನವರ ಈ ಉಡುಪನ್ನೇ ನಿಷೇಧಿಸಿದ್ದರು, 1782ರಲ್ಲಿ ಅದು ರದ್ದಾಯಿತು. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರಾಕ್ಕೆ ಬಂದಾಗ ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್ ಮುಂದೆ ನಿಂತು ಮೆರವಣಿಗೆ, ದರ್ಬಾರು ಎಲ್ಲ ಏರ್ಪಾಡು ಮಾಡಿದರು. ಬಹಳ ಜನ ಟಾರ್ಟನ್ ತೊಟ್ಟು ಬಂದರು. ಆಗ ಜೋರಾಯ್ತು ನೋಡಿ, ನಮ್ಮ ಮನೆತನದ್ದು ಯಾವುದು ಅಂತ ಹುಡುಕಾಟ. ಬ್ಯಾನಕ್‌ಬರ್ನ್‌ನ ವಿಲ್ಸನ್ ನೇಯ್ಗೆಯವರಿಗೆ ಭಾರೀ ವ್ಯಾಪಾರ. ಹಾಗಾಗಿ ನೀವು ಈಗ ಹೊಸದಾಗಿ ಮಾಡಿಸಿದರೆ ಯಾರ ಸಂಪ್ರದಾಯಕ್ಕೂ ಭಂಗ ಬರಲ್ಲ, ಅವರೂ ಹೀಗೇ ಮಾಡಿಸಿಕೊಂಡವರು.

ನೋಂದಣಿಗೆ 'ಸ್ಕಾಟಿಷ್ ರಿಜಿಸ್ಟರ್ ಆಫ್ ಟಾರ್ಟನ್ಸ್' ಇದೆ. 2008ರ ಕಾಯ್ದೆ, 2009ರಿಂದ ನಡೆಯುತ್ತಿದೆ. ಸರ್ಕಾರಿ ದಾಖಲೆ ಇಲಾಖೆಯೇ ನೋಡಿಕೊಳ್ಳುತ್ತೆ. ನಾನು ನೋಡಿದಾಗ ಶುಲ್ಕ 70 ಪೌಂಡ್. ಸ್ಕಾಟ್ಲೆಂಡಿನವರೇ ಆಗಿರಬೇಕು ಅಂತೇನೂ ಇಲ್ಲ, ಸಿಂಗ್ ಹೆಸರಿನ ಟಾರ್ಟನ್ನೇ ಇದೆ. ನೇಯ್ದ ಬಟ್ಟೆ ಕಳಿಸಲೇಬೇಕು ಅಂತಿಲ್ಲ, ಆದರೆ ನೇಯಲು ಆಗುವಂಥ ವಿನ್ಯಾಸ ಇರಬೇಕು. ಬಣ್ಣ, ಎಳೆ ಲೆಕ್ಕ, ಚಿತ್ರ ಕೊಡಬೇಕು. ಈಗಾಗಲೇ ಇರುವುದಕ್ಕೆ ತೀರಾ ಹತ್ತಿರ ಇರಬಾರದು. ಆ ಹೆಸರಿಗೂ ನಿಮಗೂ ಏನು ಸಂಬಂಧ ಅಂತ ಕೇಳುತ್ತಾರೆ. ಸರ್‌ನೇಮ್ ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಊರಲ್ಲಿ ನಿಮ್ಮನ್ನು ಏನಂತ ಕರೆಯುತ್ತಾರೆ? ಅದನ್ನೇ ಹಾಕಿ.

ಲೆಕ್ಕ ಬರೆಯುವ ಕ್ರಮ ಗೊತ್ತಿರಲಿ. ಈ ತುದಿಯಿಂದ ಆ ತುದಿವರೆಗೆ ಬರೆದರೆ ಸಾಕು. ಅಲ್ಲಿಂದ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಬರುತ್ತೆ. ತುದಿಯ ಎರಡು ಬಣ್ಣ ಒಂದೊಂದು ಸಲ, ನಡುವಿನವು ಎರಡೆರಡು ಸಲ. ಉದಾಹರಣೆಗೆ ಕಾಕಿ 40, ಹಸಿರು 12, ಕಾಕಿ 8, ನೀಲಿ 32, ಕನಕಾಂಬರ 4. ಪೂರ್ತಿ ಒಂದು ಸುತ್ತಿಗೆ 148 ಎಳೆ.

ಉತ್ತರ: ಸುಮ್ನೆ ಬಂದವ

ನಿಮ್ಮ ತಂದೆ ಲುಂಗಿ ಅಂದಿದ್ದು ನೂರಕ್ಕೆ ನೂರು ಸರಿ. 12ನೇ ಶಾಲು ನನಗೆ.

ಮತ್ತೆ ಬರೆದವರು: ಹುಣಸೆಮರದ ಮನೆ

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ ಹೇಳಿದ ಹಾಗೆ ಲಗ್ನಪತ್ರಿಕೆಗೆ ದಾರ ಸುತ್ತಿದೆ. ರಾಗಿ, ಅರಿಶಿನ ಎರಡೂ ಹೋದವು. ಗ್ಲಾಸ್ಗೋದವರು ಕೊಟ್ಟ ಲೆಕ್ಕವನ್ನೇ ಮೊದಲು ಹಾಕಿ ನೋಡಿದೆ, ಅದೇ ಚೆನ್ನಾಗಿ ಕಂಡಿತು. ಹೆಸರು 'ಹುಣಸೆಮರದ ಮನೆ'. ಊರಲ್ಲಿ ನಮ್ಮನ್ನು ಕರೆಯೋದು ಹಾಗೇ. ಮರ ಈಗ ಇಲ್ಲ.

ನಿನ್ನೆ ರಾತ್ರಿ ಊಟ ಆದಮೇಲೆ ಅಪ್ಪ ಆ ರಟ್ಟನ್ನು ಕೈಗೆ ತಗೊಂಡರು. ಟಿಕೆಟ್ ಕಟ್ಟು ಹಿಡಿಯೋ ಹಾಗೆ ಎಡಗೈ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು, ಹೆಬ್ಬೆರಳ ಉಗುರಿಂದ ಒಂದೊಂದೇ ಎಳೆ ಎಣಿಸಿದರು. ಕಾಕಿ 40 ಬಂತು, ತಲೆ ಆಡಿಸಿದರು. ಕೊನೆಗೆ ಕನಕಾಂಬರಕ್ಕೆ ಬಂದು ನಿಂತರು.

"ನನಗೆ 40, ನಿಮ್ಮಮ್ಮನಿಗೆ ನಾಲ್ಕೇನಾ?"

ಹೊಡೆಯೋ ಬಣ್ಣ ತೆಳು ಇರಬೇಕಂತೆ ಅಪ್ಪಾ ಅಂದೆ. ಕೇಳಲಿಲ್ಲ. ಅಮ್ಮ ಒಳಗಿಂದ "ಆರು ಮಾಡಿ ಸಾಕು, ಎಂಟಾದರೆ ಕಣ್ಣಿಗೆ ಹೊಡೆಯುತ್ತೆ" ಅಂತ ಕೂಗಿದರು. ಹೂ ಕಟ್ಟಿದ ಕೈ, ನಾವಿಬ್ಬರೂ ಎದುರು ಮಾತಾಡಲಿಲ್ಲ. 6 ಆಯ್ತು. ಈಗ ಸುತ್ತಿಗೆ 150 ಎಳೆ.

ಲಾಳಿಮನೆ ಸರ್, ಭಾನುವಾರ ಬೆಳಿಗ್ಗೆ ನಿಮ್ಮ ಮಾವನವರು ಸಿಗುತ್ತಾರಾ? ಅಪ್ಪನೂ ಬರುತ್ತಾರಂತೆ. ಏಳು ಸುತ್ತು ಹಾಕಿದರೆ ಹಾಸಿನಲ್ಲಿ 1050 ಎಳೆ. ಇಂಚಿಗೆ 40 ಅಂದರೆ ಅಗಲ 26 ಇಂಚು, ಮೇಲೆ ಚಿಲ್ಲರೆ. ಚಿಲ್ಲರೆ ಬಿಡಬೇಡಿ ಅಂತ ಅಪ್ಪ ಹೇಳಿಸಿದ್ದಾರೆ.