ಅಪ್‌ಡೇಟ್: ಅಲರ್ಟ್‌ಗಳ ರಾಶಿ ತಗ್ಗಿತು, ಗ್ರಾಫ್ ಸರಿಹೋಯಿತು

ದಾವಣಗೆರೆ ಪಿ.ಜೆ. ಬಡಾವಣೆಯ ಕಚೇರಿಯಿಂದ ಎಪಿಎಂಸಿ ಯಾರ್ಡ್ ಗೋದಾಮಿಗೆ ಇರುವ ಫೈಬರ್ ಲಿಂಕ್ ಬಿದ್ದರೆ ಅಲ್ಲಿನ ಸ್ವಿಚ್, ಕ್ಯಾಮೆರಾ, ಪ್ರಿಂಟರ್ ಒಂದೊಂದಕ್ಕೂ ಅಲರ್ಟ್ ಬರುತ್ತದೆ, ಗಿಗಾಬಿಟ್ ಅಪ್‌ಲಿಂಕ್‌ನ ಟ್ರಾಫಿಕ್ ಗ್ರಾಫ್ ನಂಬುವ ಹಾಗಿಲ್ಲ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ, ಎರಡೂ ಬಗೆಹರಿದವು.

ಅಲರ್ಟ್‌ಗೆ: ನೆಟ್‌ವರ್ಕ್ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ಲಿಬ್ರೆಎನ್‌ಎಂಎಸ್‌ನಲ್ಲಿ ಪ್ರತಿ ಡಿವೈಸ್‌ಗೂ ಪೇರೆಂಟ್ (ಅದು ಯಾವುದರ ಮೂಲಕ ನೆಟ್‌ವರ್ಕ್ ಸೇರುತ್ತದೋ ಆ ಡಿವೈಸ್) ತೋರಿಸಿ. ಕ್ಯಾಮೆರಾಕ್ಕೆ ಗೋದಾಮಿನ ಸ್ವಿಚ್, ಆ ಸ್ವಿಚ್‌ಗೆ ಕಚೇರಿಯ ಕೋರ್ (ಮುಖ್ಯ) ಸ್ವಿಚ್. ಪೇರೆಂಟ್ ಬಿದ್ದಾಗ ಅದರ ಕೆಳಗಿನವುಗಳ ಅಲರ್ಟ್ ಬರುವುದಿಲ್ಲ, ಹಾಗಾಗಿ ಈಗ ಲಿಂಕ್ ಬಿದ್ದರೆ ಗೋದಾಮಿನ ಸ್ವಿಚ್‌ನದೊಂದೇ ಅಲರ್ಟ್.

ಗ್ರಾಫ್‌ನ ತೊಂದರೆ ಇನ್ನೂ ಆಳದ್ದು. ಸ್ವಿಚ್ ಅನ್ನು ಎಸ್‌ಎನ್‌ಎಂಪಿ (ಡಿವೈಸ್‌ಗಳಿಂದ ಮಾಹಿತಿ ಓದುವ ಪ್ರೋಟೋಕಾಲ್) ವಿ1ರಲ್ಲಿ ಸೇರಿಸಿದ್ದರೆ, ಹರಿದ ಡೇಟಾ ಎಣಿಸುವ ಕೌಂಟರ್ 32 ಬಿಟ್‌ನದು ಮಾತ್ರ ಸಿಗುತ್ತದೆ. ಗಿಗಾಬಿಟ್ ಲಿಂಕ್ ಪೂರ್ತಿ ತುಂಬಿ ಹರಿದರೆ ಅದು ಸುಮಾರು 34 ಸೆಕೆಂಡಿಗೇ ಸುತ್ತಿ ಸೊನ್ನೆಗೆ ಬರುತ್ತದೆ. ಪೋಲಿಂಗ್ (ಸರ್ವರ್ ಕೌಂಟರ್ ಓದುವುದು) ಆಗುವುದು 5 ನಿಮಿಷಕ್ಕೊಮ್ಮೆ. ನಡುವೆ ಎಷ್ಟು ಸುತ್ತು ಹೊಡೆಯಿತೆಂದು ಸರ್ವರ್‌ಗೆ ತಿಳಿಯುವ ದಾರಿಯೇ ಇಲ್ಲ, ಹಾಗಾಗಿ ಲಿಂಕ್ ಬಿಝಿ ಇದ್ದಾಗಲೇ ಗ್ರಾಫ್ ಕಡಿಮೆ ತೋರಿಸುತ್ತದೆ. ಎಸ್‌ಎನ್‌ಎಂಪಿಯ ಮುಂದಿನ ಆವೃತ್ತಿ ವಿ2ಸಿಗೆ ಬದಲಿಸಿದರೆ 64 ಬಿಟ್ ಕೌಂಟರ್ ಓದಬಹುದು, ಅದು ಇಷ್ಟು ಬೇಗ ಸುತ್ತುವುದಿಲ್ಲ. ಆದರೆ ವಿ2ಸಿಯ ಕಮ್ಯೂನಿಟಿ ಸ್ಟ್ರಿಂಗ್ (ಪಾಸ್‌ವರ್ಡ್‌ನಂಥದ್ದು) ಎನ್‌ಕ್ರಿಪ್ಟ್ ಆಗದೆ ಹೋಗುತ್ತದೆ. ಅದನ್ನು ಡೀಫಾಲ್ಟ್ ಆಗಿರುವ 'ಪಬ್ಲಿಕ್' ಎಂದು ಬಿಡಲೇಬೇಡಿ. ಎಸ್‌ಎನ್‌ಎಂಪಿಯ ಪೋರ್ಟ್ ಆದ ಯುಡಿಪಿ 161ಕ್ಕೆ ಮಾನಿಟರಿಂಗ್ ಸರ್ವರ್‌ನ ಐಪಿ ಮಾತ್ರ ಬರುವಂತೆ ಸ್ವಿಚ್‌ನಲ್ಲಿ ಎಸಿಎಲ್ (ಯಾರಿಗೆ ಪ್ರವೇಶ ಎಂಬ ನಿಯಮ ಪಟ್ಟಿ) ಹಾಕಿ. ಸ್ವಿಚ್‌ನಲ್ಲಿ ಎನ್‌ಕ್ರಿಪ್ಟ್ ಮಾಡಬಲ್ಲ ವಿ3 ಇದ್ದರೆ ಅದೇ ಉತ್ತಮ.

ಕರೆಂಟ್ ಹೋಗಿದೆಯೋ ಫೈಬರ್ ಕಡಿದಿದೆಯೋ ಗೊತ್ತಾಗಬೇಕಾದರೆ ಗೋದಾಮಿನ ಮೀಡಿಯಾ ಕನ್ವರ್ಟರ್ (ಫೈಬರ್ ಅನ್ನು ತಾಮ್ರದ ಕೇಬಲ್‌ಗೆ ಜೋಡಿಸುವ ಪೆಟ್ಟಿಗೆ) ಮತ್ತು ಸ್ವಿಚ್ ಎರಡನ್ನೂ ಯುಪಿಎಸ್‌ಗೆ ಹಾಕಿ, ಯುಪಿಎಸ್‌ನ ಎಸ್‌ಎನ್‌ಎಂಪಿ ಕಾರ್ಡನ್ನೂ ಪಟ್ಟಿಗೆ ಸೇರಿಸಿ. ಬ್ಯಾಟರಿ ಮೇಲೆ ಓಡುತ್ತಿದೆ ಎಂಬ ಸೂಚನೆ ಮೊದಲು ಬಂದು ಆಮೇಲೆ ಲಿಂಕ್ ಬಿದ್ದರೆ, ಮೊದಲು ಕರೆಂಟ್ ನೋಡಿ.