ಕಬ್ಬಿನ ಗ್ಯಾಂಗಿಗೆ ಹೋದ ಮಕ್ಕಳ ತೂಕ: ತೂಕದ ಪಟ್ಟಿಯ ಖಾಲಿ ಮನೆಗಳನ್ನು ಏನು ಮಾಡಲಿ?

ಇಂಡಿ ಲಿಂಬಿಕಾಯಿ:
ಇಂಡಿ ಕಡೆಯ ಮೂರು ಅಂಗನವಾಡಿಗಳ 86 ಮಕ್ಕಳ ತೂಕವನ್ನು 18 ತಿಂಗಳು ಬರೆದುಕೊಂಡಿದ್ದೇನೆ. ಪಿಎಚ್‌ಡಿ ಕೆಲಸ. ಎಲ್ಲರೂ ಒಟ್ಟಿಗೆ ಸೇರಿಲ್ಲ. ಒಬ್ಬ ಏಳು ತಿಂಗಳಿಗೆ ಬಂದ, ಇನ್ನೊಬ್ಬಳು ಎರಡೂವರೆ ವರ್ಷಕ್ಕೆ. ಮೇಲಾಗಿ ದೀಪಾವಳಿ ಮುಗಿದದ್ದೇ ಸಾಂಗ್ಲಿ, ಕೊಲ್ಹಾಪುರ ಕಡೆ ಕಬ್ಬು ಕಡಿಯೋಕೆ ಗ್ಯಾಂಗ್ ಹೊರಡುತ್ತದೆ. ಮಕ್ಕಳೂ ಜೊತೆಗೆ. ಬರೋದು ಯುಗಾದಿ ಹೊತ್ತಿಗೆ.

ನಾನೊಂದು ದಡ್ಡತನ ಮಾಡಿದೆ. ಒಬ್ಬ ಹುಡುಗ ಅಕ್ಟೋಬರ್‌ನಲ್ಲಿ 9.8 ಕಿಲೋ ಇದ್ದ. ಎಕ್ಸೆಲ್‌ನಲ್ಲಿ ಮೌಸ್ ಹಿಡಿದು ಮಾರ್ಚ್‌ವರೆಗೂ 9.8 ಎಳೆದುಬಿಟ್ಟೆ. ಏಪ್ರಿಲ್‌ನಲ್ಲಿ ತೂಗಿದರೆ 9.6! ಹೋದವರ ಬೆಳವಣಿಗೆ ಉಳಿದವರಿಗಿಂತ ಬೇರೆಯಾ ಅಂತ ನೋಡಬೇಕು. ಏನು ಮಾಡಲಿ?

ಗುಮ್ಮಟದ ಪಾರಿವಾಳ:
ಖಾಲಿ ಇರೋ ಮಕ್ಕಳನ್ನು ಸುಮ್ನೆ ತೆಗೆದುಬಿಡಿ.

ಮಲಪ್ರಭಾ ದಂಡೆ:
ತೆಗೆದರೆ ಊರು ಬಿಡದವರಷ್ಟೇ ಉಳೀತಾರೆ. ಪ್ರಶ್ನೆ ಇರೋದೇ ಹೋದವರ ಬಗ್ಗೆ ಅಲ್ವಾ?

ಅಕ್ಕಾರ, ಮೊದಲು ಆ ಎಳೆದ 9.8ಗಳನ್ನೆಲ್ಲ ಅಳಿಸಿ. ಒಂದು ತೂಕಕ್ಕೆ ಒಂದು ಸಾಲು ಮಾಡಿ. ತೂಗದ ತಿಂಗಳಿಗೆ ಸಾಲೇ ಬೇಡ. ಕಾಲವನ್ನು ‘ಎಷ್ಟನೇ ಭೇಟಿ’ ಅಂತ ಎಣಿಸದೆ ಮಗುವಿನ ವಯಸ್ಸಿನ ತಿಂಗಳಲ್ಲಿ ಹಾಕಿ. ಆಗ ತಡವಾಗಿ ಸೇರಿದ ಹುಡುಗಿ ತನ್ನ ಮೂವತ್ತನೇ ತಿಂಗಳಿಂದ ಶುರುವಾಗುತ್ತಾಳೆ, ಅಷ್ಟೆ. ಅದರ ಹಿಂದಿನದು ಕಳೆದುಹೋದ ಡೇಟಾ ಅಲ್ಲ, ತುಂಬೋಕೆ ಹೋಗಬೇಡಿ. ಆದರೆ ತಡವಾಗಿ ಸೇರುವವರೇ ಬೇರೆ ಥರದ ಮನೆಯವರಾ ನೋಡಿ. ಸೇರಿದ ವಯಸ್ಸನ್ನೂ ಮಾಡೆಲ್‌ಗೆ ಹಾಕಿ.

ಆಮೇಲೆ ಮಿಕ್ಸೆಡ್ ಮಾಡೆಲ್. ಸಂಖ್ಯಾಶಾಸ್ತ್ರದ ಲೈರ್ಡ್ ಮತ್ತು ವೇರ್ 1982ರಲ್ಲಿ ಬರೆದದ್ದು ಇದನ್ನೇ. ಪ್ರತಿ ಮಗುವಿಗೂ ಅದರದೇ ಶುರು, ಅದರದೇ ಏರಿಕೆ. ಅಂಕಿಅಂಶದ ಸಾಫ್ಟ್‌ವೇರ್ ಆರ್‌ನಲ್ಲಿ ಎಲ್‌ಎಂಇ4 ಅನ್ನೋ ಪ್ಯಾಕೇಜ್ ಸಾಕು.

ಇಂಡಿ ಲಿಂಬಿಕಾಯಿ:
ಅಂದರೆ ಮಾಡೆಲ್ಲೇ ಎಲ್ಲ ನೋಡಿಕೊಳ್ಳುತ್ತಾ ಸರ?

ಮಲಪ್ರಭಾ ದಂಡೆ:
ಇಲ್ಲ, ಅಲ್ಲೇ ಎಲ್ಲರೂ ಎಡವೋದು. 1976ರಲ್ಲಿ ಸಂಖ್ಯಾಶಾಸ್ತ್ರಜ್ಞ ರೂಬಿನ್ ಇದನ್ನು ಬಿಡಿಸಿಟ್ಟರು. ತೂಕ ಯಾಕೆ ಸಿಗಲಿಲ್ಲ ಅನ್ನೋದು ನಿಮ್ಮ ಕೈಯಲ್ಲಿರೋ ಮಾಹಿತಿಯಿಂದಲೇ ತಿಳಿಯೋ ಹಾಗಿದ್ದರೆ ಮಾಡೆಲ್ ಸಂಭಾಳಿಸುತ್ತದೆ. ಜನವರಿಯಲ್ಲಿ ಗದ್ದೆ ಬದಿಯ ಗುಡಿಸಲಲ್ಲಿ ಮಗು ಎಷ್ಟು ಸೊರಗಿತ್ತು ಅನ್ನೋದೇ ಕಾರಣದ ಜೊತೆ ಸೇರಿಕೊಂಡಿದ್ದರೆ ಆಗಲ್ಲ. ಅದಕ್ಕೇ ಗ್ಯಾಂಗಿಗೆ ಹೋಗಿತ್ತಾ ಅನ್ನೋದಕ್ಕೆ ಒಂದು ಕಾಲಂ ಇಡಿ. ನಂತರ, ಪರೀಕ್ಷೆಗಂತ ಮಾತ್ರ, ಖಾಲಿ ತಿಂಗಳುಗಳನ್ನು ಮಾಡೆಲ್ ಅಂದಾಜಿಸಿದ ತೂಕಗಳಿಂದ ಹಲವು ಸಲ ತುಂಬಿಸಿ, ಹೋದವರದ್ದಕ್ಕೆ ಮಾತ್ರ 200 ಗ್ರಾಂ, ಆಮೇಲೆ 400 ಗ್ರಾಂ ಕಮ್ಮಿ ಮಾಡಿ ನೋಡಿ. 200ಕ್ಕೇ ಉತ್ತರ ತಿರುಗಿಬಿದ್ದರೆ ಥೀಸಿಸ್‌ನಲ್ಲಿ ಹಾಗಂತಲೇ ಬರೆಯಿರಿ.

ಇಂಡಿ ಲಿಂಬಿಕಾಯಿ:
ನಿನ್ನೆ ಮತ್ತೆ ಅಂಗನವಾಡಿಗೆ ಹೋಗಿದ್ದೆ. ಟೀಚರಮ್ಮನಿಗೆ ಎಲ್ಲಾ ಬಾಯಿಪಾಠ: ಯಾವ ಮಗು ಯಾವ ಮುಕಾದಮನ (ಮೇಸ್ತ್ರಿಯ) ಗ್ಯಾಂಗಿಗೆ ಹೋಯಿತು, ಯಾವುದು ಅಜ್ಜಿ ಹತ್ತಿರ ಉಳಿಯಿತು. ಕಾರಣದ ಕಾಲಂ ಅರ್ಧ ಗಂಟೆಯಲ್ಲಿ ತುಂಬಿತು. ಒಂದು ಕೇಂದ್ರದಲ್ಲಿ ಆಗಸ್ಟ್ ತಿಂಗಳ ತೂಕವೂ ಪೂರ್ತಿ ಖಾಲಿ ಇತ್ತು, ಆದರೆ ಅಲ್ಲಿ ಯಾರೂ ಎಲ್ಲೂ ಹೋಗಿರಲಿಲ್ಲ. ತಕ್ಕಡಿಯ ಸೆಲ್ ಮುಗಿದಿತ್ತಂತೆ.