ಪರಮಾಣುಗಳನ್ನು ‘ತಣಿಸುವುದು’ ಮತ್ತು ‘ಆರಿಸುವುದು’: ಬಳಕೆಯ ಕುರಿತು ಒಂದು ಪ್ರಶ್ನೆ

ರಾಯಚೂರಿನ ಪದವಿಪೂರ್ವ ವಿದ್ಯಾರ್ಥಿಗಳಿಗಾಗಿ ಅತಿಶೀತಲ ಪರಮಾಣುಗಳ ಬಗ್ಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ‘ಶೀತಲೀಕರಣ’ ಎಂಬ ಒಂದೇ ಪದವನ್ನು ಎಲ್ಲ ಕಡೆಯೂ ಹಾಕಿದರೆ, ಸ್ವಭಾವದಲ್ಲೇ ಬೇರೆಯಾದ ಎರಡು ಕ್ರಿಯೆಗಳು ಒಂದೇ ಎಂಬಂತೆ ಕಾಣುತ್ತವೆ ಎಂಬುದು ನನ್ನ ಆತಂಕ.

ಮೊದಲನೆಯದು ಲೇಸರ್ ಬೆಳಕಿನಿಂದ ಆಗುವಂಥದ್ದು. ಪರಮಾಣು ಹೀರಿಕೊಳ್ಳುವ ಆವರ್ತನಕ್ಕಿಂತ ತುಸು ಕಡಿಮೆ ಆವರ್ತನದ ಬೆಳಕನ್ನು ಆರು ದಿಕ್ಕುಗಳಿಂದ ಹಾಯಿಸಿದಾಗ, ಡಾಪ್ಲರ್ ಪರಿಣಾಮದಿಂದಾಗಿ (ಎದುರಿನಿಂದ ಬರುವ ಬೆಳಕಿನ ಆವರ್ತನ ತುಸು ಹೆಚ್ಚಿದಂತೆ ತೋರುವುದರಿಂದ) ಆ ಪರಮಾಣು ತನ್ನೆದುರಿಗೆ ಬರುವ ಫೋಟಾನುಗಳನ್ನೇ, ಅಂದರೆ ಬೆಳಕಿನ ಕಣಗಳನ್ನೇ, ಹೆಚ್ಚಾಗಿ ಹೀರಿ, ಪ್ರತಿ ಸಲವೂ ಚೂರು ಚೂರೇ ವೇಗ ಕಳೆದುಕೊಳ್ಳುತ್ತದೆ. ಕೋಣೆಯ ತಾಪದಲ್ಲಿ ಸೆಕೆಂಡಿಗೆ ಸುಮಾರು 300 ಮೀಟರ್ ಓಡುವ ರುಬಿಡಿಯಂ ಪರಮಾಣುವಿನ ವೇಗವನ್ನು ಒಂದು ಫೋಟಾನು ತಗ್ಗಿಸುವುದು ಸೆಕೆಂಡಿಗೆ ಸುಮಾರು 6 ಮಿಲಿಮೀಟರಿನಷ್ಟು ಮಾತ್ರ. ಅಂದರೆ ಹತ್ತಾರು ಸಾವಿರ ಹೊಡೆತಗಳು ಬೇಕು. 1985ರಲ್ಲಿ ಭೌತವಿಜ್ಞಾನಿ ಸ್ಟೀವನ್ ಚು ಅವರ ತಂಡ ಸೋಡಿಯಂ ಪರಮಾಣುಗಳನ್ನು ಹೀಗೆಯೇ ಸುಮಾರು 240 ಮೈಕ್ರೊಕೆಲ್ವಿನ್‌ಗೆ (ಮೈಕ್ರೊಕೆಲ್ವಿನ್ ಎಂದರೆ ಕೆಲ್ವಿನ್ನಿನ ಹತ್ತು ಲಕ್ಷದಲ್ಲೊಂದು ಭಾಗ) ಇಳಿಸಿತು. ಸಿಟ್ಟು ತಣಿಯಿತು ಎನ್ನುವಾಗ ಆವೇಗ ಇಳಿದ ಅರ್ಥವೇ ಇರುವುದರಿಂದ, ಇದಕ್ಕೆ ‘ತಣಿಸು’ ಒಪ್ಪುತ್ತದೆ.

ಎರಡನೆಯದರಲ್ಲಿ, ಕಾಂತಕ್ಷೇತ್ರದ ಬಲೆಯಲ್ಲಿ ಸೆರೆಯಾದ ಪರಮಾಣುಗಳ ಪೈಕಿ ಅತಿ ಹೆಚ್ಚು ಶಕ್ತಿಯುಳ್ಳವನ್ನು ರೇಡಿಯೊ ತರಂಗಗಳ ನೆರವಿನಿಂದ ಹೊರಹೋಗಗೊಟ್ಟರೆ, ಉಳಿದವು ಪರಸ್ಪರ ಡಿಕ್ಕಿ ಹೊಡೆದು ಇನ್ನೂ ಕಡಿಮೆ ತಾಪದಲ್ಲಿ ನೆಲೆಗೊಳ್ಳುತ್ತವೆ. 1995ರಲ್ಲಿ ಭೌತವಿಜ್ಞಾನಿಗಳಾದ ಕಾರ್ನೆಲ್ ಮತ್ತು ವೀಮನ್ ರುಬಿಡಿಯಂನಲ್ಲಿ ಬೋಸ್–ಐನ್‌ಸ್ಟೈನ್ ಸಾಂದ್ರೀಕರಣವನ್ನು (ಬಹಳಷ್ಟು ಪರಮಾಣುಗಳು ಒಂದೇ ಕ್ವಾಂಟಮ್ ಸ್ಥಿತಿಗೆ ಇಳಿಯುವುದನ್ನು) ಕಂಡದ್ದು ಈ ದಾರಿಯಿಂದಲೇ, ಸುಮಾರು 170 ನ್ಯಾನೊಕೆಲ್ವಿನ್‌ನಲ್ಲಿ (ನ್ಯಾನೊಕೆಲ್ವಿನ್ ಎಂದರೆ ಮೈಕ್ರೊಕೆಲ್ವಿನ್ನಿನ ಸಾವಿರದಲ್ಲೊಂದು ಭಾಗ). ಅಗಲ ಪಾತ್ರೆಗೆ ಸುರಿದ ಹಾಲಿನಿಂದ ಹೆಚ್ಚು ಶಕ್ತಿಯ ಅಣುಗಳು ಹಬೆಯಾಗಿ ಹೋದಂತೆ ಉಳಿದದ್ದು ತಣ್ಣಗಾಗುವುದೂ ಇದೇ ತತ್ತ್ವದಿಂದ, ಮತ್ತು ಅದಕ್ಕೆ ನಮ್ಮ ಮನೆಗಳಲ್ಲಿ ‘ಹಾಲು ಆರಲಿ’ ಎನ್ನುತ್ತೇವೆ. ಹಾಗಾಗಿ ‘ಬಾಷ್ಪೀಕರಣ ಶೀತಲೀಕರಣ’ಕ್ಕಿಂತ ‘ಆರಿಸು’ ನನಗೆ ಹೆಚ್ಚು ಹಿಡಿಸಿದೆ.

ತೊಡಕು ಇರುವುದು ಇಲ್ಲೇ. ‘ಪರಮಾಣುಗಳನ್ನು ಆರಿಸಿದರು’ ಎಂದು ಬರೆದರೆ, ಆಯ್ದುಕೊಂಡರು ಎಂದೇ ಬಹುತೇಕರು ಓದುತ್ತಾರೆ. ಅಂಗಳದಲ್ಲಿ ಮೆಣಸಿನಕಾಯಿ ಆರಹಾಕುವ ಈ ಕಡೆಯ ಮಕ್ಕಳಿಗೆ ಒಣಗಿಸುವ ಅರ್ಥವೂ ಹೊಳೆಯಬಹುದು. ಹಳಗನ್ನಡದಲ್ಲಿ ತಾಪ ಕಳೆಯುವ ‘ಆಱು’ ಶಕಟರೇಫದಲ್ಲಿ, ಅಂದರೆ ‘ಱ’ ಎಂಬ ಹಳೆಯ ಅಕ್ಷರದಲ್ಲಿ ಇತ್ತು. ಆ ಅಕ್ಷರ ಬಿಟ್ಟುಹೋದ ಮೇಲೆ ಬರಹದಲ್ಲಿ ಆ ಗುರುತೂ ಉಳಿದಿಲ್ಲ. ‘ಆರುವಂತೆ ಮಾಡು’ ಎಂದರೆ ಗೊಂದಲವಿಲ್ಲ, ಆದರೆ ಅದರಿಂದ ಶೀರ್ಷಿಕೆಗೆ ಒಗ್ಗುವ ನಾಮಪದ ಸಿಗುವುದಿಲ್ಲ.

ತಾಪ ಕಳೆಯುವ ಅರ್ಥದ ‘ಆರು’ ಧಾತುವಿನಿಂದ, ಆಯ್ಕೆಯ ಅರ್ಥ ಸುಳಿಯದ ನಾಮಪದವೊಂದು ನಿಮ್ಮ ಊರಿನ ಮಾತಿನಲ್ಲಾಗಲಿ ಹಳೆಯ ಬರಹದಲ್ಲಾಗಲಿ ಇದ್ದರೆ, ಬಳಕೆಯ ವಾಕ್ಯದೊಂದಿಗೆ ದಯವಿಟ್ಟು ತಿಳಿಸಿ.